ಮಗ್ದಲದ ಮರಿಯಳಿಗೆ ಸಂದ ನ್ಯಾಯ, ಹೆಸರಿಲ್ಲದ ಪಾಪಿಯ ಪ್ರಶ್ನೆ

2016ರ ಜೂನ್ 10ರಂದು ವ್ಯಾಟಿಕನ್ನಿನ ದೈವಾರಾಧನಾ ಇಲಾಖೆ ಒಂದು ಚಿಕ್ಕ ಆದೇಶವನ್ನು ಪ್ರಕಟಿಸಿತು. ಪೋಪ್ ಫ್ರಾನ್ಸಿಸರ ಇಚ್ಛೆಯಂತೆ ಸಿದ್ಧವಾಗಿ, ಕಾರ್ಡಿನಲ್ ರಾಬರ್ಟ್ ಸಾರಾ ಅವರ ಸಹಿಯೊಂದಿಗೆ ಹೊರಬಿದ್ದ ಆ ಆದೇಶದಿಂದ, ಪ್ರತಿವರ್ಷ ಜುಲೈ 22ರಂದು ಬರುವ ಸಂತ ಮಗ್ದಲದ ಮರಿಯಳ ಸ್ಮರಣೆಯ ದಿನವು ‘ಹಬ್ಬ’ದ ದರ್ಜೆಗೆ ಏರಿತು. ರೋಮನ್ ಪಂಚಾಂಗದಲ್ಲಿ ಪ್ರೇಷಿತರ, ಅಂದರೆ ಯೇಸು ಆರಿಸಿ ಕಳಿಸಿದ ಶಿಷ್ಯರ, ದಿನಗಳಿಗೆ ಸಾಮಾನ್ಯವಾಗಿ ಸಲ್ಲುವ ದರ್ಜೆ ಇದು. ಅದರ ಜೊತೆಗೆ ಆ ದಿನದ ಬಲಿಪೂಜೆಗೆಂದು ಹೊಸದಾಗಿ ರಚಿಸಿದ ಸ್ತುತಿಪ್ರಾರ್ಥನೆಯೂ ಬಂತು. ಪುನರುತ್ಥಾನದ ಸುದ್ದಿಯನ್ನು ಪ್ರೇಷಿತರಿಗೆ ಮೊದಲು ಮುಟ್ಟಿಸಿದವಳೆಂಬ ಕಾರಣಕ್ಕೆ ಅದು ಅವಳನ್ನು ‘ಪ್ರೇಷಿತರಿಗೇ ಪ್ರೇಷಿತೆ’ ಎಂದು ಕೊಂಡಾಡುತ್ತದೆ. ಬೆಂಗಳೂರು, ಮಂಗಳೂರು, ಮೈಸೂರು ಧರ್ಮಪ್ರಾಂತ್ಯಗಳ ಲ್ಯಾಟಿನ್ ವಿಧಿಯ ಚರ್ಚುಗಳೂ ಇದೇ ಪಂಚಾಂಗವನ್ನು ಅನುಸರಿಸುವುದರಿಂದ ಈ ಬದಲಾವಣೆ ಇಲ್ಲಿಯ ಕಥೋಲಿಕರಿಗೂ ಅನ್ವಯಿಸುತ್ತದೆ.

ಆ ವರ್ಷದಿಂದೀಚೆಗೆ ಜುಲೈ ತಿಂಗಳು ಬಂತೆಂದರೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಮಗ್ದಲದ ಮರಿಯಳು ವೇಶ್ಯೆಯಾಗಿರಲಿಲ್ಲ, ಅವಳ ಮೇಲೆ ಹದಿನಾಲ್ಕು ಶತಮಾನ ಕಾಲ ಸುಳ್ಳು ಅಪವಾದ ಹೊರಿಸಲಾಗಿತ್ತು, ಈಗ ಧರ್ಮಸಭೆಯೇ ಅದನ್ನು ತೊಳೆದಿದೆ ಎಂಬುದು. ಚಾರಿತ್ರಿಕವಾಗಿ ಈ ಮಾತಿನಲ್ಲಿ ತಪ್ಪಿಲ್ಲ. ಆದರೆ ಅದು ಅರ್ಧ ಮಾತು. ಮೂವರು ಬೇರೆ ಬೇರೆ ಸ್ತ್ರೀಯರನ್ನು ಒಬ್ಬಳನ್ನಾಗಿ ಹೊಲಿದು, ನಾಲ್ಕನೆಯವಳ ಕೂದಲನ್ನೂ ಮರುಭೂಮಿಯ ತಪಸ್ಸನ್ನೂ ಅವಳಿಗೆ ತೊಡಿಸಿ ಪಶ್ಚಿಮದ ಕ್ರೈಸ್ತಲೋಕ ಕಟ್ಟಿದ ‘ಪಶ್ಚಾತ್ತಾಪಿ ಸಂತೆ’ಯ ಬಿಂಬದಿಂದ ಮಗ್ದಲದವಳನ್ನು ಬಿಡಿಸಿಕೊಂಡದ್ದಾಯಿತು, ಬಿಡಿಸಿದ ಮೇಲೆ ಉಳಿದ ಆ ಪಾಪಿ ಸ್ತ್ರೀಗೆ ಎಲ್ಲಿ ಜಾಗ ಎಂಬುದನ್ನು ಬಹುತೇಕ ಯಾರೂ ಕೇಳುತ್ತಿಲ್ಲ.

ಸುವಾರ್ತೆಗಳಲ್ಲಿ ಮಗ್ದಲದ ಮರಿಯಳ ಬಗ್ಗೆ ಇರುವ ವಿವರ ಕಡಿಮೆ, ಆದರೆ ಇರುವಷ್ಟು ಸ್ಪಷ್ಟವಾಗಿದೆ. ಗಲಿಲೇಯ ಸರೋವರದ ಪಶ್ಚಿಮ ದಂಡೆಯ ಮಗ್ದಲ ಅವಳ ಊರು. ಮೀನಿಗೆ ಉಪ್ಪು ಹಾಕಿ ಕೆಡದಂತೆ ಇಡುವ ಕಸುಬಿಗೆ ಹೆಸರಾಗಿದ್ದ ಪಟ್ಟಣವದು. 2009ರಲ್ಲಿ ಅಲ್ಲಿ ನಡೆದ ಉತ್ಖನನದಲ್ಲಿ 1ನೆಯ ಶತಮಾನದ ಯೆಹೂದ್ಯ ಸಭಾಮಂದಿರವೊಂದು ಬೆಳಕಿಗೆ ಬಂದಿದೆ. ಲೂಕನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಅವಳ ಹೆಸರು ಮೊದಲು ಬರುತ್ತದೆ: ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳು, ಹೆರೋದನ ಮನೆವಾರ್ತೆಯ ಅಧಿಕಾರಿ ಕೂಜನ ಹೆಂಡತಿ ಯೊವಾನ್ನಳು ಮತ್ತು ಸುಸನ್ನಳೊಂದಿಗೆ ಸೇರಿ ಸ್ವಂತ ಹಣದಿಂದ ಯೇಸುವಿನ ಬಳಗವನ್ನು ಪೋಷಿಸಿದವಳು. ದೆವ್ವ ಹಿಡಿಯುವುದು ಸುವಾರ್ತೆಗಳ ಭಾಷೆಯಲ್ಲಿ ಕಾಯಿಲೆ, ಸಂಕಟ. ಅದು ಶೀಲದ ಮೇಲಿನ ತೀರ್ಪಲ್ಲ. ಮುಂದೆ ಶಿಲುಬೆಯ ಬಳಿ ಲೂಕನದನ್ನು ಬಿಟ್ಟು ಉಳಿದ ಮೂರು ಸುವಾರ್ತೆಗಳು, ಖಾಲಿಯಾದ ಸಮಾಧಿಯ ಪ್ರಸಂಗದಲ್ಲಿ ನಾಲ್ಕೂ ಸುವಾರ್ತೆಗಳು ಅವಳನ್ನು ಹೆಸರಿಸುತ್ತವೆ. ಯೊವಾನ್ನನ 20ನೆಯ ಅಧ್ಯಾಯದಲ್ಲಿ ಅವಳು ಯೇಸುವನ್ನು ತೋಟಗಾರನೆಂದು ಭಾವಿಸಿ, ‘ಮರಿಯಾ’ ಎಂಬ ಕರೆ ಕಿವಿಗೆ ಬಿದ್ದೊಡನೆ ಗುರುತಿಸುತ್ತಾಳೆ. ಇಷ್ಟರಲ್ಲಿ ಎಲ್ಲಿಯೂ ಪಾಪದ ಪ್ರಸ್ತಾಪವಿಲ್ಲ.

ಪಾಪದ ಪ್ರಸ್ತಾಪ ಇರುವುದು ಲೂಕನ 7ನೆಯ ಅಧ್ಯಾಯದ ಕೊನೆಯಲ್ಲಿ. ಸಿಮೋನನೆಂಬ ಫರಿಸಾಯನ ಮನೆಯ ಊಟದ ಹೊತ್ತಿಗೆ ಊರವರೆಲ್ಲ ಪಾಪಿಯೆಂದು ಬಲ್ಲ ಒಬ್ಬ ಹೆಂಗಸು ಒಳಬಂದು, ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೋಯಿಸಿ, ಕೂದಲಿನಿಂದ ಒರಸಿ, ಪರಿಮಳತೈಲ ಹಚ್ಚುತ್ತಾಳೆ. ಅವಳ ಹೆಸರನ್ನು ಲೂಕ ಹೇಳುವುದಿಲ್ಲ, ಅವಳ ಪಾಪ ಯಾವುದೆಂದೂ ಹೇಳುವುದಿಲ್ಲ. ಮೂರನೆಯವಳು ಬೆಥಾನಿಯದ ಮರಿಯ, ಮಾರ್ತ ಮತ್ತು ಲಾಜರರ ಸೋದರಿ. ಯೊವಾನ್ನನ 12ನೆಯ ಅಧ್ಯಾಯದಲ್ಲಿ ಅವಳೂ ಯೇಸುವಿನ ಪಾದಗಳಿಗೆ ತೈಲ ಹಚ್ಚಿ ಕೂದಲಿನಿಂದ ಒರಸುತ್ತಾಳೆ. ಬೆಥಾನಿಯದಲ್ಲೇ ನಡೆದ ಇಂಥ ಘಟನೆಯನ್ನು ಹೇಳುವ ಮಾರ್ಕನಲ್ಲಿ ಮನೆಯ ಯಜಮಾನ ಸಿಮೋನನೆಂಬ ಕುಷ್ಠರೋಗಿ. ಹೀಗೆ ಒಂದು ಕಡೆ ಸಿಮೋನ ಎಂಬ ಹೆಸರು, ಇನ್ನೊಂದು ಕಡೆ ತೈಲ ಮತ್ತು ಕೂದಲು, ಮತ್ತೊಂದು ಕಡೆ ಮರಿಯ ಎಂಬ ಹೆಸರು. ಸಾಲದ್ದಕ್ಕೆ ಪಾಪಿ ಸ್ತ್ರೀಯ ಪ್ರಸಂಗ ಮುಗಿದ ಬೆನ್ನಿಗೇ ಲೂಕ ಮಗ್ದಲದವಳನ್ನು ಪರಿಚಯಿಸುತ್ತಾನೆ. ಓದುಗರ ಮನಸ್ಸು ಇವನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದ್ದರೆ ಅದು ಕೇವಲ ದುರುದ್ದೇಶದಿಂದ ಆದದ್ದಲ್ಲ.

ಆ ಪೋಣಿಸುವಿಕೆಗೆ ಅಧಿಕಾರದ ಮುದ್ರೆ ಒತ್ತಿದವರು ಪೋಪ್ ಮೊದಲನೆಯ ಗ್ರೆಗೊರಿ. 591ರ ಸುಮಾರಿಗೆ ರೋಮಿನಲ್ಲಿ ಅವರು ನೀಡಿದ, ಸುವಾರ್ತೆಗಳ ಮೇಲಿನ ಪ್ರಬೋಧನೆಗಳಲ್ಲಿ 33ನೆಯದಾಗಿ ಎಣಿಕೆಯಾಗುವ ಉಪದೇಶದಲ್ಲಿ, ಮೂವರನ್ನೂ ಒಬ್ಬಳೇ ಎಂದರು; ಏಳು ದೆವ್ವಗಳೆಂದರೆ ಸಕಲ ದುರ್ಗುಣಗಳು ಎಂದು ಅರ್ಥೈಸಿದರು; ಹಿಂದೆ ತನ್ನ ದೇಹಕ್ಕೆ ಬಳಸುತ್ತಿದ್ದ ತೈಲ, ಕಣ್ಣು, ಕೂದಲು, ತುಟಿಗಳನ್ನೆಲ್ಲ ಈಗ ಅವಳು ದೇವರಿಗೆ ಅರ್ಪಿಸಿದಳೆಂದರು. ಇಂದಿನ ಲೇಖಕರಲ್ಲಿ ಕೆಲವರು ಇದನ್ನು ಹೆಣ್ಣಿನ ನಾಯಕತ್ವವನ್ನು ಹತ್ತಿಕ್ಕಲು ಹೂಡಿದ ಸಂಚೆಂದು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಗ್ರೆಗೊರಿ ಪೀಠವೇರಿದ್ದು 590ರಲ್ಲಿ, ಅವರ ಹಿಂದಿನ ಪೋಪ್ ಪೆಲಾಜಿಯಸರು ಪ್ಲೇಗಿಗೆ ಬಲಿಯಾದ ಮೇಲೆ. ಹೊರಗೆ ಲೊಂಬಾರ್ಡರ ದಾಳಿ, ಒಳಗೆ ಸಾಂಕ್ರಾಮಿಕ. ಅಂಥ ನಗರದ ಜನರಿಗೆ ಎಂಥ ಪಾಪಿಗೂ ಕ್ಷಮೆಯಿದೆ ಎಂದು ತೋರಿಸಲು ಒಂದು ಮುಖ ಬೇಕಾಗಿತ್ತು, ಆ ಮುಖಕ್ಕೆ ಒಂದು ಹೆಸರು ಬೇಕಾಗಿತ್ತು. ಹೆಸರಿಲ್ಲದವಳಿಗೆ ಹೆಸರು ಕೊಡಹೋಗಿ ಅವರು ಹೆಸರಿದ್ದವಳ ಚರಿತ್ರೆಯನ್ನು ಅಳಿಸಿದರು. ಅವರ ಉದ್ದೇಶ ಏನೇ ಇರಲಿ, ಲ್ಯಾಟಿನ್ ಧರ್ಮಸಭೆಯಲ್ಲಿ ಅವರ ಮಾತೇ ನಿಂತಿತು.

ಪೂರ್ವದ ಗ್ರೀಕ್ ಸಭೆಗಳು ಮಾತ್ರ ಈ ಜೋಡಣೆಯನ್ನು ಒಪ್ಪಲಿಲ್ಲ. ಅಲ್ಲಿ ಮಗ್ದಲದವಳು ಪರಿಮಳದ್ರವ್ಯ ಹೊತ್ತು ಸಮಾಧಿಗೆ ಹೋದವಳು, ಪ್ರೇಷಿತರಿಗೆ ಸಮಾನಳು. ಅವಳಿಗೂ ಅವಳ ಸಂಗಾತಿಗಳಿಗೂ ಪಾಸ್ಖದ (ಈಸ್ಟರ್) ನಂತರ ಒಂದು ಭಾನುವಾರವೇ ಮೀಸಲಾಗಿದೆ. ಪಶ್ಚಾತ್ತಾಪಕ್ಕೆ ಬೇರೊಬ್ಬಳಿದ್ದಳು. ಈಜಿಪ್ಟಿನ ಮರಿಯ ಎಂಬ ಆ ಸಂತೆಯ ಚರಿತ್ರೆಯನ್ನು ಬರೆದವರು 7ನೆಯ ಶತಮಾನದಲ್ಲಿ ಜೆರುಸಲೇಮಿನ ಪ್ರಧಾನ ಧರ್ಮಾಧ್ಯಕ್ಷರಾಗಿದ್ದ ಸೊಫ್ರೋನಿಯಸ್ ಎಂದು ಪರಂಪರೆ ಹೇಳುತ್ತದೆ. ಪಶ್ಚಿಮದಲ್ಲಿ ಆದದ್ದೇನೆಂದು ಅರ್ಥವಾಗಬೇಕಾದರೆ ಆ ಚರಿತ್ರೆಯನ್ನು ತುಸು ನಿಧಾನವಾಗಿ ಓದಬೇಕು.

ಕಥೆ ಆರಂಭವಾಗುವುದು ಅವಳಿಂದಲ್ಲ, ಜೊಸಿಮಾಸ್ ಎಂಬ ವೃದ್ಧ ಸನ್ಯಾಸಿಯಿಂದ. ಬಾಲ್ಯದಿಂದಲೂ ಮಠದಲ್ಲೇ ಬೆಳೆದ ಈತನಿಗೆ, ತನಗೆ ಇನ್ನು ಕಲಿಸಬಲ್ಲ ತಪಸ್ವಿ ಯಾರಾದರೂ ಇದ್ದಾರೆಯೇ ಎಂಬ ಒಳಗರ್ವ. ಜೋರ್ಡಾನ್ ನದಿಯ ಬಳಿಯ ಮಠದ ರೂಢಿಯಂತೆ, ಪಾಸ್ಖಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಮರುಭೂಮಿಗೆ ಹೊರಟಾಗ, ಬಿಸಿಲಿಗೆ ಕಪ್ಪಿಟ್ಟ ಬೆತ್ತಲೆ ಆಕೃತಿಯೊಂದು ಅವನ ಕಣ್ಣಿಗೆ ಬೀಳುತ್ತದೆ. ತಲೆಗೂದಲು ಉಣ್ಣೆಯಂತೆ ಬೆಳ್ಳಗೆ, ಕುತ್ತಿಗೆಯಿಂದ ಕೆಳಗಿಳಿಯದಷ್ಟು ಗಿಡ್ಡ. ಅವಳು ಅವನ ಮೇಲಂಗಿಯನ್ನು ಕೇಳಿ ಪಡೆದು ಮೈಮುಚ್ಚಿಕೊಂಡ ಮೇಲೆ ತನ್ನ ಕಥೆ ಹೇಳುತ್ತಾಳೆ. ಹನ್ನೆರಡನೆಯ ವಯಸ್ಸಿಗೆ ಮನೆ ಬಿಟ್ಟು ಅಲೆಕ್ಸಾಂಡ್ರಿಯಕ್ಕೆ ಹೋದದ್ದು, ಹದಿನೇಳು ವರ್ಷ ಕಾಮದ ಬೆನ್ನುಬಿದ್ದು ಬಾಳಿದ್ದು, ಆದರೆ ಹಣ ಕೊಡಬಂದವರಿಂದಲೂ ಹಣ ಪಡೆಯದೆ ಭಿಕ್ಷೆಯಿಂದ, ನಾರು ನೂಲುವ ಕೆಲಸದಿಂದ ಹೊಟ್ಟೆ ಹೊರೆದದ್ದು. ನಂತರದ ಜನಪ್ರಿಯ ನಿರೂಪಣೆಗಳು ಅವಳನ್ನು ವೇಶ್ಯೆಯೆಂದು ಸಲೀಸಾಗಿ ಕರೆದುಬಿಡುತ್ತವೆ. ಮೂಲಕಥನ ಅದನ್ನು ಹಾಗೆ ಸರಳಗೊಳಿಸುವುದಿಲ್ಲ.

ಪವಿತ್ರ ಶಿಲುಬೆಯ ಉತ್ಸವಕ್ಕೆ ಜೆರುಸಲೇಮಿಗೆ ಹೊರಟಿದ್ದ ಯಾತ್ರಿಕರ ಹಡಗನ್ನು ಅವಳು ಭಕ್ತಿಯಿಂದ ಹತ್ತಿದ್ದಲ್ಲ. ಪ್ರಯಾಣದ ಬಾಡಿಗೆಗೆ ಅವಳ ಬಳಿ ಇದ್ದದ್ದು ದೇಹವೊಂದೇ. ಜೆರುಸಲೇಮಿನಲ್ಲಿ ಜನಜಂಗುಳಿಯೊಂದಿಗೆ ದೇವಾಲಯದ ಬಾಗಿಲಿಗೆ ಬಂದಾಗ ಎಲ್ಲರೂ ಒಳಗೆ ಹೋಗುತ್ತಾರೆ, ಕಾಣದ ಶಕ್ತಿಯೊಂದು ಅವಳನ್ನು ಮಾತ್ರ ಹೊಸ್ತಿಲಿನಿಂದ ಹಿಂದಕ್ಕೆ ತಳ್ಳುತ್ತದೆ. ಅಂಗಳದಲ್ಲಿದ್ದ ದೇವಮಾತೆಯ ಚಿತ್ರದ ಮುಂದೆ ನಿಂತು ಬೇಡಿಕೊಂಡ ಮೇಲೆ ದಾರಿ ತೆರೆಯುತ್ತದೆ. ಜೋರ್ಡಾನಿನ ಆಚೆ ನೆಮ್ಮದಿ ಸಿಗುವುದೆಂಬ ದನಿ ಕೇಳಿ, ಯಾರೋ ಕೊಟ್ಟ ಮೂರು ನಾಣ್ಯಗಳಿಗೆ ಮೂರು ರೊಟ್ಟಿ ಕೊಂಡು, ನದಿ ದಾಟಿ, ನಲವತ್ತೇಳು ವರ್ಷ ಅಲ್ಲಿಯೇ ಉಳಿಯುತ್ತಾಳೆ. ಮೊದಲ ಹದಿನೇಳು ವರ್ಷ ಹಳೆಯ ಬಯಕೆಗಳೂ ಹಾಡುಗಳೂ ಕಾಡಿದವೆಂದು ಅವಳೇ ಹೇಳಿಕೊಳ್ಳುತ್ತಾಳೆ. ಮುಂದಿನ ವರ್ಷ ಪವಿತ್ರ ಗುರುವಾರದಂದು ಪರಮಪ್ರಸಾದ ತರಬೇಕೆಂದು ಜೊಸಿಮಾಸನಿಗೆ ಹೇಳಿ, ಆ ದಿನ ನೀರಿನ ಮೇಲೆ ನಡೆದು ಬಂದು ಸ್ವೀಕರಿಸುತ್ತಾಳೆ. ಅದರ ಮರುವರ್ಷ ಅವನು ಬಂದು ನೋಡಿದರೆ ಅವಳ ದೇಹ, ಪಕ್ಕದ ನೆಲದ ಮೇಲೆ ಬರೆದಿಟ್ಟ ಮಾತು: ದೀನ ಮರಿಯಳನ್ನು ಇಲ್ಲಿ ಹೂಳು. ಮುದುಕನ ಕೈಲಾಗದ ಆ ಗುಂಡಿಯನ್ನು ಸಿಂಹವೊಂದು ಬಂದು ತೋಡುತ್ತದೆ.

ಚರಿತ್ರೆಕಾರರ ದೃಷ್ಟಿಯಲ್ಲಿ ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಕಟ್ಟಿದ್ದು ಎಂಬುದು ಬೇರೆ ಚರ್ಚೆ; 6ನೆಯ ಶತಮಾನದ ಪ್ಯಾಲಸ್ತೀನಿನ ಸನ್ಯಾಸಿ ಚರಿತ್ರೆಗಳಲ್ಲಿ ಇಂಥದೇ ಚಿಕ್ಕ ಕಥೆಗಳಿವೆ, ಅವು ಬೆಳೆದು ಈ ರೂಪ ತಳೆದಿರುವ ಸಾಧ್ಯತೆ ದೊಡ್ಡದು. ಇಲ್ಲಿ ಗಮನಿಸಬೇಕಾದದ್ದು ಕಥೆಯ ತೂಕ ಎತ್ತ ವಾಲಿದೆ ಎಂಬುದು. ಕಲಿಯುವವನು ಸನ್ಯಾಸಿ, ಕಲಿಸುವವಳು ಅವಳು. ಗುರುದೀಕ್ಷೆ ಪಡೆದ ಆತ ಅವಳ ಆಶೀರ್ವಾದ ಬೇಡಿ ನೆಲಕ್ಕೆ ಬೀಳುತ್ತಾನೆ, ಅವಳೂ ಅವನ ಆಶೀರ್ವಾದ ಬೇಡಿ ಬೀಳುತ್ತಾಳೆ, ಯಾರು ಮೊದಲು ಏಳಬೇಕೆಂಬುದೇ ತೀರದ ಮಾತಾಗುತ್ತದೆ. ಅವಳ ತಪಸ್ಸಿಗೆ ಮೇಲ್ವಿಚಾರಕರಿಲ್ಲ, ಅವಧಿ ಗೊತ್ತುಮಾಡಿದವರಿಲ್ಲ. ಆರ್ಥಡಾಕ್ಸ್ ಸಭೆಗಳು ಇಂದಿಗೂ ತಪಸ್ಸುಕಾಲದ ಐದನೆಯ ಭಾನುವಾರವನ್ನು ಅವಳಿಗೆ ಸಲ್ಲಿಸುತ್ತವೆ. ಆ ವಾರದ ಗುರುವಾರದ ಆರಾಧನೆಯಲ್ಲಿ ಕ್ರೀಟಿನ ಆಂಡ್ರೂ ರಚಿಸಿದ ಮಹಾಸ್ತೋತ್ರದೊಂದಿಗೆ ಅವಳ ಚರಿತ್ರೆಯನ್ನು ಪೂರ್ತಿಯಾಗಿ ಓದುತ್ತಾರೆ.

9ನೆಯ ಶತಮಾನದಲ್ಲಿ ನೇಪಲ್ಸಿನ ಪಾಲ್ ಎಂಬ ಉಪಯಾಜಕ ಈ ಚರಿತ್ರೆಯನ್ನು ಲ್ಯಾಟಿನ್ನಿಗೆ ತಂದ. ಅದೇ ಶತಮಾನದಲ್ಲಿ ಇಟಲಿಯಲ್ಲಿ ಮಗ್ದಲದ ಮರಿಯಳ ‘ವನವಾಸ ಚರಿತ್ರೆ’ಯೊಂದು ಹುಟ್ಟಿಕೊಂಡಿತು: ಯೇಸುವಿನ ಸ್ವರ್ಗಾರೋಹಣದ ನಂತರ ಅವಳು ಮೂವತ್ತು ವರ್ಷ ನಿರ್ಜನ ಪ್ರದೇಶದಲ್ಲಿ ಬೆತ್ತಲೆಯಾಗಿ ತಪಸ್ಸು ಮಾಡಿದಳು, ದೇವದೂತರು ಅವಳನ್ನು ಪ್ರಾರ್ಥನೆಯ ವೇಳೆಗೆ ಆಕಾಶಕ್ಕೆ ಎತ್ತುತ್ತಿದ್ದರು, ಕೊನೆಗೊಬ್ಬ ಗುರು ಅವಳನ್ನು ಕಂಡ. ಹೆಸರು ಮಗ್ದಲದವಳದು, ಬದುಕು ಈಜಿಪ್ಟಿನವಳದು. ಈ ಎರವಲಿನಲ್ಲಿ ಒಂದು ವಿಚಿತ್ರವಿದೆ. ಮೂಲದಲ್ಲಿ ಕುತ್ತಿಗೆ ಮುಟ್ಟುವಷ್ಟಿದ್ದ ಗಿಡ್ಡ ಕೂದಲು, ಲೂಕನ ಪಾಪಿ ಸ್ತ್ರೀಯ ಪಾದ ಒರಸಿದ ಕೂದಲಿನೊಂದಿಗೆ ಬೆರೆತು, ಮೈಯನ್ನೆಲ್ಲ ಮುಚ್ಚುವ ಜಟೆಯಾಗಿ ಬೆಳೆಯಿತು. ಫ್ಲಾರೆನ್ಸಿನಲ್ಲಿರುವ, ಶಿಲ್ಪಿ ದೊನಾತೆಲ್ಲೋ ಮಾಡಿದ ಮಗ್ದಲದವಳ ಮರದ ವಿಗ್ರಹದಲ್ಲಿ ಕೃಶವಾದ ಆ ದೇಹಕ್ಕೆ ಕೂದಲೇ ಉಡುಪು; 1966ರ ಆರ್ನೋ ನದಿಯ ಪ್ರವಾಹದಲ್ಲಿ ಹಾಳಾದ ಅದನ್ನು ಶುಚಿಗೊಳಿಸಿದಾಗ ಕೂದಲಿನ ಮೇಲೆ ಮೂಲದ ಚಿನ್ನದ ಲೇಪ ಕಾಣಿಸಿಕೊಂಡಿತು. ದೊನಾತೆಲ್ಲೋ ಕೆತ್ತಿದ್ದು ಯಾರನ್ನು ಎಂದು ಕೇಳಿದರೆ ಹೆಸರುಪಟ್ಟಿ ಒಂದು ಉತ್ತರ ಕೊಡುತ್ತದೆ, ರೂಪ ಇನ್ನೊಂದನ್ನು ಕೊಡುತ್ತದೆ.

ಅವಶೇಷಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಫ್ರಾನ್ಸಿನ ವೆಜೆಲೆ ಮಠ 11ನೆಯ ಶತಮಾನದಿಂದ ತನ್ನಲ್ಲಿ ಮಗ್ದಲದವಳ ಅಸ್ಥಿಗಳಿವೆ ಎಂದು ಸಾರಿ ದೊಡ್ಡ ಯಾತ್ರಾಸ್ಥಳವಾಯಿತು; 1279ರಲ್ಲಿ ಪ್ರೊವಾನ್ಸಿನ ಸಾಂ-ಮಾಕ್ಸಿಮಾಂದಲ್ಲಿ ಆಂಜು ವಂಶದ ರಾಜಕುಮಾರ ಚಾರ್ಲ್ಸ್ ನಿಜವಾದ ದೇಹ ಸಿಕ್ಕಿತೆಂದು ಘೋಷಿಸಿದ, 1295ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಅದನ್ನು ಮನ್ನಿಸಿದರು, ವೆಜೆಲೆಯ ಸಿರಿ ಇಳಿಯಿತು. ಅವಳು ತಪಸ್ಸು ಮಾಡಿದಳೆಂದು ನಂಬುವ ಹತ್ತಿರದ ಸಾಂತ್-ಬೋಮ್ ಗುಹೆಗೆ ಇಂದಿಗೂ ಯಾತ್ರಿಕರು ಹೋಗುತ್ತಾರೆ. ಮೂವರು ಒಬ್ಬಳಲ್ಲ ಎಂದು 1517ರಲ್ಲಿ ಬರೆದ ಫ್ರೆಂಚ್ ವಿದ್ವಾಂಸ ಲೆಫೆವ್ರ್ ದೆತಾಪ್ಲ್‌ನ ಮತವನ್ನು ಪ್ಯಾರಿಸಿನ ದೈವಶಾಸ್ತ್ರ ಪೀಠ 1521ರಲ್ಲಿ ಖಂಡಿಸಿತು. ಸತ್ಯ ಯಾರಿಗೂ ತೋಚಲಿಲ್ಲವೆಂದಲ್ಲ. ಆ ಹೊತ್ತಿಗೆ ಅವಳ ಪಾಪದ ಮೇಲೆ ಕಟ್ಟಡಗಳು ಎದ್ದಿದ್ದವು.

ಕಟ್ಟಡಗಳು ಎಂಬುದನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು. ವೇಶ್ಯಾವೃತ್ತಿ ಬಿಟ್ಟುಬಂದವರಿಗೆಂದು ಜರ್ಮನಿಯಲ್ಲಿ ಆರಂಭವಾದ, ಮಗ್ದಲದವಳ ಹೆಸರಿನ ಪಶ್ಚಾತ್ತಾಪಿ ಸ್ತ್ರೀಯರ ಸಂಘಕ್ಕೆ 1227ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿ ಮಾನ್ಯತೆ ಕೊಟ್ಟರು. 1758ರಲ್ಲಿ ಲಂಡನ್ನಿನಲ್ಲಿ, 1760ರ ದಶಕದಲ್ಲಿ ಡಬ್ಲಿನ್ನಿನಲ್ಲಿ ‘ಮಗ್ದಲೇನ್’ ಆಶ್ರಯಗಳು ತೆರೆದವು. ಇವೆರಡೂ ಪ್ರೊಟೆಸ್ಟಂಟರು ಆರಂಭಿಸಿದವು ಎಂಬುದನ್ನು ಮರೆಯಬಾರದು, ಏಕೆಂದರೆ ಈ ಬಿಂಬವನ್ನು ಒಂದು ಪಂಗಡದ ತಲೆಗೆ ಮಾತ್ರ ಕಟ್ಟಲಾಗದು. ಐರ್ಲೆಂಡಿನಲ್ಲಿ ಮುಂದೆ ಕಥೋಲಿಕ ಸನ್ಯಾಸಿನಿಯರ ಕೈಯಲ್ಲಿ ಅವು ಬಟ್ಟೆ ಒಗೆಯುವ ಉದ್ಯಮಗಳಾದವು. ಮದುವೆಯಾಗದೆ ಬಸುರಾದವರು, ಅನಾಥ ಹುಡುಗಿಯರು, ನ್ಯಾಯಾಲಯ ಕಳಿಸಿದವರು, ಮನೆಯವರಿಗೆ ಬೇಡವಾದವರು, ಎಲ್ಲರನ್ನೂ ಅಲ್ಲಿ ಪಶ್ಚಾತ್ತಾಪಿಗಳೆಂದೇ ಕರೆಯುತ್ತಿದ್ದರು. ಕೂಲಿಯಿಲ್ಲದ ದುಡಿಮೆ, ಬೀಗ ಹಾಕಿದ ಬಾಗಿಲು. ಅನೇಕರಿಗೆ ಒಳಗೆ ಬಂದೊಡನೆ ಹೆಸರನ್ನೂ ಬದಲಿಸಲಾಗುತ್ತಿತ್ತು.

1993ರಲ್ಲಿ ಡಬ್ಲಿನ್ನಿನ ಹೈ ಪಾರ್ಕ್ ಕಾನ್ವೆಂಟಿನ ಜಮೀನು ಮಾರಾಟವಾದಾಗ ಅಲ್ಲಿನ ಸಮಾಧಿಗಳನ್ನು ಅಗೆಯಬೇಕಾಯಿತು. ಸಿಕ್ಕ ದೇಹಗಳು 155, ಮೊದಲು ಅನುಮತಿ ಪಡೆದದ್ದಕ್ಕಿಂತ 22 ಹೆಚ್ಚು. ಕೊನೆಯ ಆಶ್ರಯ ಮುಚ್ಚಿದ್ದು 1996ರಲ್ಲಿ. ಮಾರ್ಟಿನ್ ಮೆಕಲೀಸ್ ನೇತೃತ್ವದ ಸಮಿತಿ 2013ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ 1922ರಿಂದ 1996ರವರೆಗೆ ಸುಮಾರು 10,000 ಹೆಂಗಸರು ಇವುಗಳೊಳಗೆ ಹೋಗಿದ್ದರು, ಕಾಲುಭಾಗಕ್ಕೂ ತುಸು ಹೆಚ್ಚಿನ ಪ್ರವೇಶಗಳಲ್ಲಿ ಸರ್ಕಾರದ ಕೈವಾಡವಿತ್ತು. ಅದೇ ವರ್ಷದ ಫೆಬ್ರುವರಿ 19ರಂದು ಐರ್ಲೆಂಡಿನ ಪ್ರಧಾನಿ ಎಂಡಾ ಕೆನ್ನಿ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು.

ಇಲ್ಲಿ ಬೆಂಗಳೂರಿನ ಓದುಗರಿಗೆ ತಿಳಿದಿರಬೇಕಾದ ಒಂದು ಎಳೆಯಿದೆ. ಐರ್ಲೆಂಡಿನಲ್ಲಿ ಇಂಥ ಹಲವು ಆಶ್ರಯಗಳನ್ನು ನಡೆಸಿದ ಗುಡ್ ಶೆಫರ್ಡ್ ಸನ್ಯಾಸಿನಿಯರ ಸಭೆ ಹುಟ್ಟಿದ್ದು ಫ್ರಾನ್ಸಿನ ಆಂಜೆಯಲ್ಲಿ. ಅದೇ ಸಭೆ 1854ರಲ್ಲಿ ಬೆಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಾಲೆ ತೆರೆಯಿತು, 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಕಟ್ಟಿತು. ಬೆಂಗಳೂರಿನ ಮೂರು ತಲೆಮಾರು ಋಣಿಯಾಗಿರುವ ಸಂಸ್ಥೆಗಳಿವು. ಒಂದೇ ಸಭೆಯ ಕೈಯಲ್ಲಿ ಒಂದು ದೇಶದಲ್ಲಿ ಶಾಲೆ ಆಸ್ಪತ್ರೆಗಳೂ ಇನ್ನೊಂದು ದೇಶದಲ್ಲಿ ಬೀಗ ಹಾಕಿದ ಬಾಗಿಲುಗಳೂ ಇದ್ದವೆಂಬುದು ಸಮಸ್ಯೆಯನ್ನು ಕೆಲವರ ಕ್ರೌರ್ಯಕ್ಕೆ ಇಳಿಸಿ ನೋಡುವುದನ್ನು ಕಷ್ಟಮಾಡುತ್ತದೆ. ಸಮಸ್ಯೆ ಬಿಂಬದಲ್ಲೇ ಇತ್ತು. ಈಜಿಪ್ಟಿನ ಮರಿಯಳ ಕಥೆಯಿಂದ ಪಶ್ಚಿಮ ಎರವಲು ಪಡೆದದ್ದು ಕೂದಲನ್ನು, ಕಣ್ಣೀರನ್ನು, ದೀರ್ಘ ಶಿಕ್ಷೆಯನ್ನು. ಅಲ್ಲಿಯೇ ಬಿಟ್ಟುಬಂದದ್ದು ತಾನಾಗಿ ನದಿ ದಾಟಿದ ಅವಳ ಸ್ವಾತಂತ್ರ್ಯವನ್ನು, ಸನ್ಯಾಸಿಗೂ ಪಾಠ ಹೇಳಿದ ಅಧಿಕಾರವನ್ನು.

ಈಗ ಮತ್ತೆ ಪಂಚಾಂಗಕ್ಕೆ ಬರೋಣ. ತಿದ್ದುಪಡಿ 2016ರಲ್ಲಿ ಒಮ್ಮೆಗೇ ಆದದ್ದಲ್ಲ. 1969ರ ಪರಿಷ್ಕರಣೆ ಜುಲೈ 22ರ ಶೀರ್ಷಿಕೆಯಿಂದ ‘ಪಶ್ಚಾತ್ತಾಪಿ’ ಎಂಬ ವಿಶೇಷಣವನ್ನು ತೆಗೆಯಿತು. ಆ ದಿನ ಓದುತ್ತಿದ್ದ ಲೂಕನ ಪಾಪಿ ಸ್ತ್ರೀಯ ಪ್ರಸಂಗದ ಬದಲು ಯೊವಾನ್ನನ 20ನೆಯ ಅಧ್ಯಾಯ ಬಂತು. ಮರಿಯಳನ್ನು ಕ್ಷಮಿಸಿದವನೇ ಎಂದಿದ್ದ, ಸತ್ತವರ ಪೂಜೆಯಲ್ಲಿ ಹಾಡುತ್ತಿದ್ದ ‘ದಿಯೆಸ್ ಈರೆ’ ಗೀತೆಯ ಸಾಲು ಹೊಸ ಪ್ರಾರ್ಥನಾಗ್ರಂಥದಲ್ಲಿ ಪಾಪಿ ಸ್ತ್ರೀಯನ್ನು ಕ್ಷಮಿಸಿದವನೇ ಎಂದಾಯಿತು. 2021ರಲ್ಲಿ ಇನ್ನೊಂದು ಆದೇಶ ಹೊರಟು, ಜುಲೈ 29ರ ಮಾರ್ತಳ ಸ್ಮರಣೆಯೊಂದಿಗೆ ಮರಿಯ ಮತ್ತು ಲಾಜರರನ್ನೂ ಸೇರಿಸಿತು. ಮೂವರು ಸ್ತ್ರೀಯರ ಗುರುತಿನ ಬಗೆಗಿನ ಅನಿಶ್ಚಯದಿಂದಾಗಿಯೇ ಇದುವರೆಗೆ ಮಾರ್ತಳ ಹೆಸರೊಂದೇ ಇತ್ತೆಂದೂ, ಅದು ಈಗ ಬಗೆಹರಿದಿದೆಯೆಂದೂ ಆ ಆದೇಶವೇ ಹೇಳುತ್ತದೆ. ಹೀಗೆ ಮಗ್ದಲದವಳಿಗೆ ಜುಲೈ 22, ಬೆಥಾನಿಯದವಳಿಗೆ ಜುಲೈ 29. ಗ್ರೆಗೊರಿ ಬೆಸೆದ ಮೂವರಲ್ಲಿ ಇಬ್ಬರಿಗೆ ದಿನ ದೊರೆತಿದೆ. ಮೂರನೆಯವಳಿಗೆ ದಿನವಿಲ್ಲ, ಹೆಸರೂ ಇಲ್ಲ. ಆ ಜಾಗವನ್ನು ತುಂಬಬಹುದಾಗಿದ್ದ ಈಜಿಪ್ಟಿನ ಮರಿಯ, ಸಾರ್ವತ್ರಿಕ ರೋಮನ್ ಪಂಚಾಂಗದಲ್ಲಿ ಇಲ್ಲ. ಇನ್ನು 1962ರ ಹಳೆಯ ಪೂಜಾಗ್ರಂಥ ಬಳಸುವ ಸಮುದಾಯಗಳಲ್ಲಿ ಜುಲೈ 22ಕ್ಕೆ ಇಂದಿಗೂ ‘ಪಶ್ಚಾತ್ತಾಪಿ’ ಮಗ್ದಲದ ಮರಿಯಳೇ ಬರುತ್ತಾಳೆ, ಲೂಕನ 7ನೆಯ ಅಧ್ಯಾಯವೇ ಓದಲಾಗುತ್ತದೆ.

ನನ್ನ ಆಕ್ಷೇಪ ತಿದ್ದುಪಡಿಯ ಬಗ್ಗೆ ಅಲ್ಲ, ಅದನ್ನು ಸಂಭ್ರಮಿಸುವ ಧಾಟಿಯ ಬಗ್ಗೆ. ‘ಅವಳು ವೇಶ್ಯೆಯಲ್ಲ, ಗೌರವಸ್ಥೆ’ ಎಂದು ಹೇಳುವಾಗ, ವೇಶ್ಯೆಯಾಗಿದ್ದರೆ ಗೌರವಕ್ಕೆ ಅರ್ಹಳಲ್ಲ ಎಂಬ ಹಳೆಯ ಲೆಕ್ಕವನ್ನು ಹಾಗೆಯೇ ಉಳಿಸಿಕೊಂಡಂತಾಗುತ್ತದೆ. ಐರ್ಲೆಂಡಿನ ಹೆಂಗಸರ ವಿಷಯದಲ್ಲಿಯೂ ‘ಅವರಲ್ಲಿ ಬಹುಪಾಲು ಜನ ವೇಶ್ಯೆಯರಾಗಿರಲಿಲ್ಲ’ ಎಂಬ ಸಮರ್ಥನೆ ಮೊದಲು ಬಂತು. ಅದು ನಿಜ, ಆದರೆ ಆಗಿದ್ದರೂ ಅವರನ್ನು ಹಾಗೆ ಕೂಡಿಹಾಕಲು ಯಾವ ನ್ಯಾಯವಿತ್ತು? ಲೂಕನ ಪ್ರಸಂಗದಲ್ಲಿ ಯೇಸು ಸಿಮೋನನಿಗೆ ಅವಳು ಪಾಪಿಯಲ್ಲ ಎಂದು ವಾದಿಸುವುದಿಲ್ಲ. ಅವಳ ಬಹಳ ಪಾಪಗಳು ಕ್ಷಮಿಸಲ್ಪಟ್ಟಿವೆ, ಅದಕ್ಕೆ ಅವಳ ಅಪಾರ ಪ್ರೀತಿಯೇ ಸಾಕ್ಷಿ ಎನ್ನುತ್ತಾನೆ. ಕಾಲಿಗೆ ನೀರು ಕೊಡದ ಯಜಮಾನನ ಆತಿಥ್ಯಕ್ಕಿಂತ ಅವಳದು ದೊಡ್ಡದೆನ್ನುತ್ತಾನೆ. ಪೂರ್ವದ ಸಭೆಗಳು ಇಬ್ಬರನ್ನು ಪ್ರತ್ಯೇಕವಾಗಿ ಇಟ್ಟುಕೊಂಡದ್ದರಿಂದ ಒಬ್ಬಳ ಮಾನ ಉಳಿಸಲು ಇನ್ನೊಬ್ಬಳನ್ನು ಹೊರಗೆ ನಿಲ್ಲಿಸಬೇಕಾಗಿ ಬರಲಿಲ್ಲ.

ಪೂಜಾವಿಧಿಯ ಪಾಠಕ್ರಮದಲ್ಲಿಯೇ ಇದಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ಮೂರು ವರ್ಷಗಳ ಚಕ್ರದ ಮೂರನೆಯ ವರ್ಷದಲ್ಲಿ, ಸಾಧಾರಣ ಕಾಲದ (ದೊಡ್ಡ ಹಬ್ಬಗಳ ಕಾಲಕ್ಕೆ ಸೇರದ ವಾರಗಳ) 11ನೆಯ ಭಾನುವಾರಕ್ಕೆ ಲೂಕನ 7ನೆಯ ಅಧ್ಯಾಯದ ಪಾಪಿ ಸ್ತ್ರೀಯ ಪ್ರಸಂಗ ನಿಗದಿಯಾಗಿದೆ. ದೀರ್ಘ ರೂಪದಲ್ಲಿ ಓದಿದರೆ ಅದು ನಿಲ್ಲದೆ 8ನೆಯ ಅಧ್ಯಾಯದ ಮೊದಲ ಮೂರು ವಚನಗಳಿಗೆ ಸಾಗಿ ಮಗ್ದಲದ ಮರಿಯಳ ಹೆಸರಿಗೆ ಬಂದು ನಿಲ್ಲುತ್ತದೆ, ಅಂದರೆ ಗ್ರೆಗೊರಿಯ ಕಾಲದ ಗೊಂದಲಕ್ಕೆ ದಾರಿಯಾದ ಅದೇ ಜೋಡಣೆ. 2016ರಲ್ಲಿ ಆ ಭಾನುವಾರ ಬಿದ್ದದ್ದು ಜೂನ್ 12ಕ್ಕೆ, ಆದೇಶ ಪ್ರಕಟವಾದ ಎರಡೇ ದಿನಗಳಿಗೆ. ಅದರ ನಂತರದ 2019, 2022, 2025ರ ಸರದಿಗಳಲ್ಲಿ ತ್ರಿತ್ವದ ಮಹೋತ್ಸವ ಅದೇ ಭಾನುವಾರ ಬಂದದ್ದರಿಂದ ಆ ಪಾಠ ಭಾನುವಾರದ ಸಭೆಯ ಕಿವಿಗೆ ಬಿದ್ದಿಲ್ಲ. ಉಳಿದದ್ದು ವಾರದ ದಿನಗಳ ಕ್ರಮ: 24ನೆಯ ವಾರದ ಗುರುವಾರ ಪಾಪಿ ಸ್ತ್ರೀ, ಮರುದಿನ ಶುಕ್ರವಾರ ಮಗ್ದಲದ ಮರಿಯ ಮತ್ತು ಅವಳ ಸಂಗಾತಿಗಳು. ಇಬ್ಬರೂ ಬೇರೆ ಎಂದೂ, ಇಬ್ಬರಿಗೂ ಸಮಾನ ಗೌರವ ಸಲ್ಲಬೇಕೆಂದೂ ಪ್ರಬೋಧನೆಯಲ್ಲಿ ವಿವರಿಸಲು ಗುರುಗಳಿಗೆ ಪ್ರತಿವರ್ಷ ಸೆಪ್ಟೆಂಬರಿನ ಸುಮಾರಿಗೆ ಬರುವ ಈ ಎರಡು ದಿನಗಳು ಜುಲೈ 22ಕ್ಕಿಂತ ಹೆಚ್ಚು ಅನುಕೂಲವಾದವು.